ಹಾರ್ಡ್ ಡ್ರೈವಿನ್: ಮನೆಯಲ್ಲಿ ಆಡಲು ಯಾವುದನ್ನು ತರಲಿ?

ಪ್ರಶ್ನೆ: ಅಮೆರಿಕದಲ್ಲಿ ಬೆಳೆದವನು ನಾನು. ಚಿಕ್ಕಂದಿನಲ್ಲಿ ಆರ್ಕೇಡಿನ (ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಯಂತ್ರಗಳ ಜಾಗ) ಸೀಟಿನಲ್ಲಿ ಕೂತು ಆಡಿದ ಕಾರ್ ಓಡಿಸುವ ಆಟ ಹಾರ್ಡ್ ಡ್ರೈವಿನ್ ಮತ್ತೆ ಆಡಬೇಕೆನಿಸಿದೆ. ಟಿವಿಗೆ ಜೋಡಿಸುವ ಸೆಗಾ ಗೇಮ್ ಯಂತ್ರ ಮೆಗಾ ಡ್ರೈವ್‌ನ ಕಾರ್ಟ್ರಿಜ್ ಕೊಳ್ಳಲಾ, ಹಳೆಯ ಅಮಿಗಾ ಕಂಪ್ಯೂಟರ್ ಹುಡುಕಲಾ? ಆಡಿದವರು ತಿಳಿಸಿ.

ಉತ್ತರ: ಕಾರ್ಟ್ರಿಜ್ ನನ್ನ ಬಳಿ ಇದೆ. ಕೊಳ್ಳುವ ಮುಂಚೆ ನಿಮಗೆ ಏನು ನೆನಪಿದೆ ಅಂತ ಯೋಚಿಸಿ. 1989ರ ಅಟಾರಿ ಗೇಮ್ಸ್ ಯಂತ್ರದಲ್ಲಿ ಕೀಲಿ ತಿರುಗಿಸಿದರೇ ಎಂಜಿನ್ ಶುರು. ಕ್ಲಚ್ ತುಳಿದು ನಾಲ್ಕು ಗೇರ್ ಹಾಕಬೇಕು. ತಿರುವಿನಲ್ಲಿ ಸ್ಟೀರಿಂಗಿಗೆ ಜೋಡಿಸಿದ ಮೋಟಾರು ನಿಮ್ಮ ಕೈಗೆ ಎದುರಾಗಿ ಎಳೆಯುತ್ತದೆ. ಕಾರು ನಿಜವಾದ ಕಾರಿನಂತೆ ಓಡಲೆಂದು ವಾಹನ ಚಲನೆಯ ತಜ್ಞ ಡಗ್ ಮಿಲಿಕೆನ್ ಅವರ ನೆರವು ಪಡೆದಿದ್ದರು. ಆ ಲೆಕ್ಕ, ಆ ಮೂರು ಆಯಾಮದ ಚಿತ್ರ ಎಲ್ಲಕ್ಕೂ ಒಳಗೆ ಬೇರೆ ಬೇರೆ ಚಿಪ್‌ಗಳಿದ್ದವು. ಮೆಗಾ ಡ್ರೈವಿನಲ್ಲಿ ಹೊರೆಯೆಲ್ಲ 68000 ಎಂಬ ಒಂದೇ ಪ್ರೊಸೆಸರ್ ಚಿಪ್ ಮೇಲೆ. ಚಿತ್ರ ತಡವರಿಸುತ್ತದೆ, ಲೂಪಿನಿಂದ (ತಲೆಕೆಳಗಾಗಿ ಸುತ್ತುವ ರಸ್ತೆ) ಇಳಿಯುವಾಗ ಕಾರು ವಾಲಿದ್ದು ಕಣ್ಣಿಗೆ ಬೀಳುವಷ್ಟರಲ್ಲಿ ರಸ್ತೆಯಿಂದ ಆಚೆ ಹೋಗಿರುತ್ತೀರಿ. ಪ್ಯಾಡಿನಲ್ಲಿ ಕ್ಲಚ್ ಎಲ್ಲಿಂದ ಬರಬೇಕು? ಆದರೂ ಟ್ರ್ಯಾಕ್ ಅದೇ, ಅಪಘಾತದ ಮರುದೃಶ್ಯವೂ ಅದೇ. ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ.

ಉತ್ತರ: ನಾನು ಅಮಿಗಾದಲ್ಲಿ ಆಡಿದವಳು. ಮೌಸ್ ಹಿಡಿದು ತಿರುಗಿಸಬಹುದು, ಜಾಯ್‌ಸ್ಟಿಕ್‌ಗಿಂತ ಅದು ಎಷ್ಟೋ ವಾಸಿ. ಸ್ಪೆಕ್ಟ್ರಂ ಎಂಬ ಹಳೆಯ ಕಂಪ್ಯೂಟರಿನ ಕಡೆ ಹೋಗಬೇಡಿ, ತುಂಬ ನಿಧಾನ.

ಉತ್ತರ: ಪ್ಲೇಸ್ಟೇಷನ್ 2 ಇದ್ದರೆ ಮಿಡ್‌ವೇ ಆರ್ಕೇಡ್ ಟ್ರೆಷರ್ಸ್ 2 ಡಿಸ್ಕಿನಲ್ಲಿ ಈ ಆಟ ಇದೆ.

ಉತ್ತರ: ನನ್ನ ಮತ ಮೇಮ್‌ಗೆ (MAME, ಆರ್ಕೇಡ್ ಯಂತ್ರಗಳನ್ನು ಪಿಸಿಯಲ್ಲಿ ಅನುಕರಿಸುವ ತಂತ್ರಾಂಶ). ಅದರಲ್ಲಿ ಓಡುವುದು ಆರ್ಕೇಡಿನ ಮೂಲ ಪ್ರೋಗ್ರಾಮೇ, ಹಾಗಾಗಿ ಕಾರಿನ ತೂಕ, ಜಾರುವ ರೀತಿ ಎಲ್ಲ ಹಾಗೇ ಸಿಗುತ್ತದೆ. ಪಿಸಿಗೆ ಸ್ಟೀರಿಂಗ್ ಸೆಟ್ ತರುವಾಗ ಪೆಡಲ್ ಮೂರಿವೆಯೇ ನೋಡಿ. ಎರಡೇ ಇದ್ದರೆ ಕ್ಲಚ್ಚಿನ ಸುಖ ಹೋಯಿತು. ನಾನು ಆ ತಪ್ಪು ಮಾಡಿ ಎರಡನೇ ಸಲ ದುಡ್ಡು ಹಾಕಿದೆ. ಮೊದಲ ದಿನ ಸ್ಟೀರಿಂಗ್ ಹೊಂದಿಸುವುದರಲ್ಲೇ ಸಂಜೆ ಕಳೆಯಿತು, ಕಾರು ಒಂದೇ ಪಕ್ಕಕ್ಕೆ ಎಳೆಯುತ್ತಿತ್ತು. ಬೇಸರಪಡದೆ ನಡುವಿನ ಸ್ಥಾನ ಸರಿಮಾಡಿಕೊಳ್ಳಿ. ಆಮೇಲೆ ಸೇತುವೆ ಹಾರುವಾಗ ವೇಗ ಹಿಡಿತದಲ್ಲಿರಲಿ: ಕಡಿಮೆಯಾದರೆ ಆಚೆ ಮುಟ್ಟುವುದಿಲ್ಲ, ಹೆಚ್ಚಾದರೆ ಇಳಿಜಾರು ದಾಟಿ ಬಿದ್ದು ಚೂರಾಗುತ್ತೀರಿ. ಆಟದೊಳಗಿನ ಎದುರಾಳಿ ಫ್ಯಾಂಟಮ್ ಫೋಟಾನ್ ಜೊತೆ ಪಂದ್ಯ ಸಿಕ್ಕ ದಿನ ಇಲ್ಲಿ ಬಂದು ಹೇಳಿ, ನಾನಿನ್ನೂ ಅವನನ್ನು ಸೋಲಿಸಿಲ್ಲ.