‘ರೈಲ್‌ರೋಡಿಂಗ್’, ‘ಪ್ಲೇಯರ್ ಏಜೆನ್ಸಿ’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ, ನಮಸ್ಕಾರ.

ಭಾನುವಾರ ನಮ್ಮ ಮನೆಯಲ್ಲಿ ನಾಲ್ಕೈದು ಜನ ಸೇರಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಡುತ್ತೇವೆ. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಮೇಜಿನ ಸುತ್ತ ಕೂತು ಮಾತಿನಲ್ಲೇ ಕತೆ ಕಟ್ಟುವುದು. ಒಬ್ಬರು ಆಟ ನಡೆಸುತ್ತಾರೆ, ಉಳಿದವರಿಗೆ ಒಂದೊಂದು ಪಾತ್ರ. ಪಾತ್ರ ಏನು ಮಾಡಬೇಕು ಅನ್ನುವುದು ಆಟಗಾರರ ತೀರ್ಮಾನ. ಅದು ಕೈಗೂಡುತ್ತದೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಈಗ ಪೂರ್ತಿ ಕನ್ನಡದಲ್ಲೇ ಆಡುತ್ತಿದ್ದೇವೆ, ನಡೆಸುವುದು ನಾನು. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಆಟ ನಡೆಸುವವರು ತಾವು ಮೊದಲೇ ಬರೆದಿಟ್ಟ ಕತೆಯ ಕಡೆಗೇ ಎಲ್ಲರನ್ನೂ ತಳ್ಳುವುದು ‘ರೈಲ್‌ರೋಡಿಂಗ್’. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಅದೇ ರಾಕ್ಷಸ ಎದುರಾದರೆ, ಯಾವ ದಾರಿ ಅಂತ ಸುಮ್ನೆ ಕೇಳಿದ ಹಾಗಾಯಿತು ಅಲ್ವಾ? ಮೊದಲು ‘ಹಳಿ ಹತ್ತಿಸುವುದು’ ಅಂತ ಬರೆದುಕೊಂಡೆ. ಆದರೆ ಕನ್ನಡದಲ್ಲಿ ಹಳಿ ಒಳ್ಳೆಯದು. ಬದುಕು ಹಳಿಗೆ ಬಂತು ಅಂದರೆ ಸಮಾಧಾನ, ಹಳಿ ತಪ್ಪಿತು ಅಂದರೆ ಗಾಬರಿ. ಅರ್ಥವೇ ತಿರುಗುಮುರುಗಾಗುತ್ತದೆ. ‘ಮೂಗುದಾರ ಹಿಡಿದು ಎಳೆಯುವುದು’ ನನಗೆ ಜಾಸ್ತಿ ಹಿಡಿಸಿದೆ. ನಡೆಯುವುದು ಎತ್ತೇ, ದಾರಿ ಮಾತ್ರ ಅದರದ್ದಲ್ಲ. ಚಿಕ್ಕದಾಗಿ ‘ಮೂಗುದಾರದ ಆಟ’ ಅಂದರೆ ನಡೆಯುತ್ತದೆಯೇ?

ತಮ್ಮ ತೀರ್ಮಾನದಿಂದ ಕತೆಯ ದಾರಿಯನ್ನೇ ಬದಲಿಸುವ ಶಕ್ತಿ ಆಟಗಾರರ ಕೈಯಲ್ಲಿರುವುದು ‘ಪ್ಲೇಯರ್ ಏಜೆನ್ಸಿ’. ಇದಕ್ಕೆ ಪದ ಹುಡುಕುವುದು ಇನ್ನೂ ಕಷ್ಟ. ಏಜೆನ್ಸಿ ಅಂದರೆ ನಮಗೆ ಗ್ಯಾಸ್ ಏಜೆನ್ಸಿ, ಪೇಪರ್ ಏಜೆನ್ಸಿ. ‘ಕರ್ತೃತ್ವ’ ಅಂದರೆ ಕೃತಿ ಬರೆದವರು ಯಾರು ಅನ್ನುವ ಕಡೆಗೆ ಮನಸ್ಸು ಹೋಗುತ್ತದೆ. ‘ಆಯ್ಕೆಯ ಸ್ವಾತಂತ್ರ್ಯ’ ಅರ್ಧ ಮಾತ್ರ ಹೇಳುತ್ತದೆ. ಆಯ್ದದ್ದರಿಂದ ಕತೆಯಲ್ಲಿ ಏನಾದರೂ ಬದಲಾಗಬೇಕಲ್ಲ.

ಕಳೆದ ತಿಂಗಳು ಒಬ್ಬ ಆಟಗಾರ್ತಿ ಸೆರೆಸಿಕ್ಕ ಕಳ್ಳನನ್ನು ಬಿಟ್ಟುಕಳಿಸಿದಳು. ಅವನಿಂದ ಸುಳಿವು ಹೇಳಿಸಲು ನಾನು ಎಷ್ಟೋ ತಯಾರಿ ಮಾಡಿದ್ದೆ, ಎಲ್ಲ ಬದಿಗಿಟ್ಟೆ. ಮುಂದಿನ ವಾರ ಅದೇ ಕಳ್ಳ ಶತ್ರುಗಳಿಗೆ ಕೋಟೆಯ ಬಾಗಿಲು ತೆಗೆದ. ಅವಳ ಮುಖದಲ್ಲಿ ಸಂಕಟವೂ ಇತ್ತು, ಖುಷಿಯೂ ಇತ್ತು. ಆಗ ನನಗೆ ಹೊಳೆದದ್ದು ‘ಬೆಲೆ’. ತೀರ್ಮಾನಕ್ಕೆ ನಾನು ಬೆಲೆ ಕೊಟ್ಟೆ, ಅದರ ಬೆಲೆ ಅವಳು ತೆತ್ತಳು. ಎರಡೂ ಒಂದೇ ಪದದಲ್ಲಿವೆ. ಆದರೆ ಬೆಲೆ ಕೊಡುವುದು ನನ್ನ ಕೆಲಸ. ಆಟಗಾರರ ಕೈಯಲ್ಲಿರುವುದಕ್ಕೆ ಹೆಸರು ಇನ್ನೂ ಸಿಕ್ಕಿಲ್ಲ.

ತಾಳಮದ್ದಳೆ ಬಲ್ಲವರು ದಯವಿಟ್ಟು ಹೇಳಿ. ಅಲ್ಲಿ ಪ್ರಸಂಗವೂ ಪದ್ಯವೂ ಮೊದಲೇ ಗೊತ್ತಿರುತ್ತವೆ, ಮಾತು ಮಾತ್ರ ಅರ್ಥಧಾರಿ ಅಲ್ಲೇ ಹುಟ್ಟಿಸಿಕೊಂಡದ್ದು. ಅವರಿಗಿರುವ ಆ ಸಲಿಗೆಗೆ ನಿಮ್ಮಲ್ಲಿ ಬಳಕೆಯ ಹೆಸರು ಇದೆಯೇ?