ಅಪ್‌ಡೇಟ್: ಟೋಕನ್‌ನಿಂದ ಅನುಮತಿಗಳನ್ನು ಹೊರಗೆ ತೆಗೆದೆ

ಹಿಂದೆ ಕೇಳಿದ್ದು ಇದು: ನಮ್ಮ ದಾಸ್ತಾನು ತಂತ್ರಾಂಶದಲ್ಲಿ ಲಾಗಿನ್ ಆದಾಗ ಸಿಗುವ ಟೋಕನ್ ಎಂಬ ಡಿಜಿಟಲ್ ಗುರುತುಚೀಟಿಯೊಳಗೇ ಬಳಕೆದಾರರ ಅನುಮತಿಗಳನ್ನೂ ತುಂಬಿದ್ದೆ. ಲೆಕ್ಕಪತ್ರ ವಿಭಾಗದಿಂದ ಗೋದಾಮಿಗೆ ವರ್ಗವಾದವರು ಟೋಕನ್ ಅವಧಿ ಮುಗಿಯುವ 8 ಗಂಟೆಯವರೆಗೂ ಬಿಲ್ ಮಂಜೂರು ಮಾಡಬಹುದಾಗಿತ್ತು. ಗುರುತು ಬೇರೆ, ಅಧಿಕಾರ ಬೇರೆ ಎಂದು ಹಲವರು ತಿಳಿಹೇಳಿದಿರಿ. ಹಾಗೆಯೇ ಮಾಡಿದೆ.

ಈಗ ಓಪನ್‌ಐಡಿ ಕನೆಕ್ಟ್ ಎಂಬ ಲಾಗಿನ್ ಮಾನದಂಡದ ಮೂಲಕ ಬರುವ ಟೋಕನ್ ‘ಇವರು ಯಾರು’ ಎಂಬುದನ್ನಷ್ಟೇ ಹೇಳುತ್ತದೆ. ಯಾರಿಗೆ ಯಾವ ಪಾತ್ರ, ಯಾವ ಪಾತ್ರಕ್ಕೆ ಯಾವ ಅನುಮತಿ ಎಂಬುದು ನಮ್ಮದೇ ಡೇಟಾಬೇಸ್‌ನಲ್ಲಿದೆ. ಪ್ರತಿ ಕೋರಿಕೆಗೂ ಸರ್ವರ್ ಅದನ್ನು ಪರಿಶೀಲಿಸುತ್ತದೆ. ನಿಧಾನವಾದೀತೆಂದು 60 ಸೆಕೆಂಡುಗಳ ಕ್ಯಾಶ್ (ಮತ್ತೆ ಮತ್ತೆ ಡೇಟಾಬೇಸ್ ಕೇಳದಂತೆ ಇಟ್ಟುಕೊಳ್ಳುವ ತಾತ್ಕಾಲಿಕ ನಕಲು) ಇಟ್ಟಿದ್ದೇನೆ. ಅಧಿಕಾರ ಹಿಂತೆಗೆದುಕೊಂಡರೆ ಹೆಚ್ಚೆಂದರೆ ಒಂದು ನಿಮಿಷದಲ್ಲಿ ಜಾರಿಯಾಗುತ್ತದೆ.

ಎಡವಿದ್ದು ಬೇರೆ ಕಡೆ. ಅನುಮತಿಗಳನ್ನು ಇಮೇಲ್ ವಿಳಾಸಕ್ಕೆ ಜೋಡಿಸಿದ್ದೆ. ಸಹೋದ್ಯೋಗಿಯೊಬ್ಬರ ಇಮೇಲ್ ಬದಲಾದ ಮರುದಿನ ಅವರು ಸಲೀಸಾಗಿ ಲಾಗಿನ್ ಆದರು, ಆದರೆ ಪರದೆ ಖಾಲಿ! ಹಳೆಯ ವಿಳಾಸ ನಾಳೆ ಹೊಸಬರ ಪಾಲಾದರೆ ಇನ್ನೂ ಕಷ್ಟ. ಈಗ ಟೋಕನ್‌ನಲ್ಲಿರುವ ‘ಸಬ್’ ಎಂಬ ಬದಲಾಗದ ಗುರುತನ್ನು, ಅದನ್ನು ನೀಡಿದ ಸೇವೆಯ ಗುರುತಿನೊಂದಿಗೆ ಸೇರಿಸಿ ಬಳಸುತ್ತಿದ್ದೇನೆ.

ಇನ್ನೊಂದು ನನ್ನದೇ ಪೆದ್ದುತನ. ಸರ್ವರ್ ಉತ್ತರದ ಜೊತೆ ಕಳುಹಿಸುವ ಸ್ಥಿತಿ ಸಂಕೇತಗಳಲ್ಲಿ, ಲಾಗಿನ್ ಆಗದವರಿಗೆ 401, ಲಾಗಿನ್ ಆಗಿಯೂ ಅನುಮತಿ ಇಲ್ಲದವರಿಗೆ 403 ಕಳುಹಿಸಬೇಕು. ನಾನು ಎರಡಕ್ಕೂ 401 ಕಳುಹಿಸುತ್ತಿದ್ದೆ. ಪಾಪ, ಅನುಮತಿ ಇಲ್ಲದವರು ಲಾಗಿನ್ ಪುಟದಲ್ಲೇ ಗಿರಕಿ ಹೊಡೆಯುತ್ತಿದ್ದರು. 401ಕ್ಕೆ ‘ಅನ್‌ಆಥರೈಸ್ಡ್’ (ಅಧಿಕಾರವಿಲ್ಲ) ಎಂದು ಹೆಸರಿಟ್ಟವರಿಗೆ ದೂರದಿಂದಲೇ ನಮಸ್ಕಾರ.

ಯಾರು ಯಾರಿಗೆ ಯಾವಾಗ ಅನುಮತಿ ಕೊಟ್ಟರು ಎಂಬ ದಾಖಲೆ ಇನ್ನೂ ಬರೆದಿಲ್ಲ. ಮುಂದಿನ ವಾರದ ಕೆಲಸ ಅದೇ.