ರಾಳ ‘ಒಣಗುತ್ತದೆ’ ಎನ್ನಬಹುದೇ? ‘ಕ್ಯೂರ್’ ಆಗುವುದಕ್ಕೆ ಕನ್ನಡದ ಕ್ರಿಯಾಪದ

ಮಾನ್ಯರೇ,

ಕಾರ್ಬನ್ ನಾರಿನ ಬಟ್ಟೆಗೆ ಎಪಾಕ್ಸಿ ರಾಳವನ್ನು (‘ರೆಸಿನ್’ ಎನ್ನುವ ಅಂಟುದ್ರವವನ್ನು) ಉಣಿಸಿ ಗ್ಲೈಡರಿನ ರೆಕ್ಕೆ, ಡ್ರೋನಿನ ತೋಳು ಮುಂತಾದವನ್ನು ಮಾಡುವುದು ನನ್ನ ಹಲವು ವರ್ಷಗಳ ಹವ್ಯಾಸ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಹಿತ್ತಲ ಕೋಣೆಗೆ ಪ್ರತಿ ಭಾನುವಾರ ನಾಲ್ಕಾರು ಡಿಪ್ಲೊಮಾ ವಿದ್ಯಾರ್ಥಿಗಳು ಈ ಕೆಲಸ ಕಲಿಯಲು ಬರುತ್ತಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದು, ಅದರಲ್ಲಿ ಒಂದೇ ಒಂದು ಕ್ರಿಯಾಪದ ಇನ್ನೂ ಇತ್ಯರ್ಥವಾಗಿಲ್ಲ. ಗಡಸುಕಾರಕವನ್ನು, ಅಂದರೆ ನಾವೆಲ್ಲ ‘ಹಾರ್ಡ್ನರ್’ ಎನ್ನುವ ದ್ರವವನ್ನು, ಬೆರೆಸಿದ ಮೇಲೆ ರಾಳದಲ್ಲಿ ನಡೆಯುವ ಕ್ರಿಯೆಯನ್ನು ಇಂಗ್ಲಿಷಿನಲ್ಲಿ ‘ಕ್ಯೂರ್’ ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಯಾವ ಮಾತು ಒಪ್ಪುತ್ತದೆ ಎಂಬುದು ನನ್ನ ಪ್ರಶ್ನೆ.

ಕೈಪಿಡಿಯ ಮೊದಲ ಕರಡಿನಲ್ಲಿ ನಾನು “ರಾಳ ಒಣಗುವವರೆಗೆ ಅಚ್ಚಿನಿಂದ ತೆಗೆಯಬಾರದು” ಎಂದು ಬರೆದಿದ್ದೆ. ಕಳೆದ ಜುಲೈ ತಿಂಗಳಲ್ಲಿ, ಹೊರಗೆ ಜಡಿಮಳೆ ಹಿಡಿದು ಕೋಣೆಯ ಉಷ್ಣತೆ 21 ಡಿಗ್ರಿಯ ಆಸುಪಾಸಿನಲ್ಲಿದ್ದಾಗ, ಇಬ್ಬರು ಹುಡುಗರು ತಮ್ಮ ಮನೆಯಲ್ಲಿ ರೆಕ್ಕೆಯೊಂದರ ಬಟ್ಟೆಯನ್ನು ರಾಳ ಉಣಿಸಿ ಅಚ್ಚಿನಲ್ಲಿ ಹಾಸಿ ಮರುದಿನ ಬೆಳಿಗ್ಗೆ ನನಗೆ ಫೋನು ಮಾಡಿ, “ರಾತ್ರಿ ಪೂರ್ತಿ ಫ್ಯಾನ್ ಹಚ್ಚಿ ಇಟ್ಟೇವ್ರೀ ಸರ್, ಇನ್ನೂ ಒಣಗವಲ್ದು” ಎಂದರು. ಮುಂದಿನ ಸಲ ಬೇಗ ಒಣಗಲೆಂದು ಅವರು ಗಡಸುಕಾರಕವನ್ನು ಒಂದೂವರೆ ಪಟ್ಟು ಸುರಿದರು. ಆ ರೆಕ್ಕೆ ಕೊನೆಯವರೆಗೂ ರಬ್ಬರಿನಂತೆ ಬಾಗುತ್ತಲೇ ಉಳಿಯಿತು ಮತ್ತು ಅದನ್ನು ಬಿಸಾಡಬೇಕಾಯಿತು. ಹುಡುಗರು ನಾನು ಬರೆದದ್ದನ್ನು ಬರೆದ ಹಾಗೆಯೇ ಪಾಲಿಸಿದ್ದರು. ತಪ್ಪು ನಾನು ಬಳಸಿದ ಪದದಲ್ಲಿತ್ತು.

‘ಒಣಗು’ ಎಂದರೆ ಒಂದು ವಸ್ತುವಿನಲ್ಲಿರುವ ನೀರೋ ಬೇರೆ ದ್ರವವೋ ಆರಿಹೋಗುವುದು. ಬಟ್ಟೆ ಒಣಗುತ್ತದೆ, ಬಣ್ಣ ಒಣಗುತ್ತದೆ, ಮರಗೆಲಸದ ಬಿಳಿ ಅಂಟು ಒಣಗುತ್ತದೆ. ಇವಕ್ಕೆಲ್ಲ ಗಾಳಿ ಬೇಕು. ಆದರೆ ಎಪಾಕ್ಸಿಯಿಂದ ಹೊರಗೆ ಹೋಗುವುದು ಹೆಚ್ಚುಕಡಿಮೆ ಏನೂ ಇಲ್ಲ. ರಾಳದ ಅಣುಗಳೂ ಗಡಸುಕಾರಕದ ಅಣುಗಳೂ ಒಂದಕ್ಕೊಂದು ಕೈಹಿಡಿದು ಮೂರೂ ದಿಕ್ಕಿನಲ್ಲಿ ಬಲೆಯಂತೆ ಹೆಣೆದುಕೊಳ್ಳುತ್ತವೆ, ಹಾಗೆ ಹೆಣೆದುಕೊಳ್ಳುವಾಗ ತಾವೇ ಶಾಖವನ್ನು ಹೊರಬಿಡುತ್ತವೆ. ಕಲ್ಲುಸುಣ್ಣಕ್ಕೆ ನೀರು ಬಿದ್ದಾಗ ಅದು ಕುದಿಯುವುದನ್ನು ಕಂಡವರಿಗೆ, ಬಟ್ಟಲಿನಲ್ಲಿ ಹೆಚ್ಚು ರಾಳ ಕಲಸಿಟ್ಟರೆ ಏಕೆ ಹೊಗೆಯಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ಯಾನ್ ಹಚ್ಚಿದರೆ ಆ ಶಾಖವೂ ಆರಿ, ಕೆಲಸ ಇನ್ನಷ್ಟು ನಿಧಾನವಾಗುತ್ತದೆ. ‘ಒಣಗು’ ಎಂಬ ಪದದಿಂದ ಇನ್ನೊಂದು ಅಪಾಯವೂ ಇದೆ. ಬೆರಳಿಗೆ ಅಂಟದ ಮೇಲ್ಮೈಯನ್ನು ಒಣಗಿದೆ ಎಂದು ತಿಳಿದು, ಇನ್ನೂ ಹಸಿಯಾಗಿರುವ ರಾಳವನ್ನು ಉಜ್ಜುಕಾಗದದಿಂದ ಉಜ್ಜಿದರೆ ಆ ಪುಡಿ ಚರ್ಮಕ್ಕೂ ಶ್ವಾಸಕ್ಕೂ ತೀವ್ರವಾದ ಅಲರ್ಜಿಯನ್ನು ತರಬಲ್ಲದು. ಒಮ್ಮೆ ಆ ಅಲರ್ಜಿ ಹಿಡಿದವರು ಈ ಕೆಲಸವನ್ನೇ ಬಿಡಬೇಕಾಗಬಹುದು.

ಪರ್ಯಾಯವಾಗಿ ‘ಸಂಸ್ಕರಿಸು’ ಎನ್ನಬಹುದೆಂದು ಸ್ನೇಹಿತರೊಬ್ಬರು ಸೂಚಿಸಿದರು. ಆಹಾರ, ಚರಂಡಿ ನೀರು, ದತ್ತಾಂಶ ಎಲ್ಲಕ್ಕೂ ಸಲ್ಲುವ ಪದ ಯಾವುದನ್ನೂ ನಿರ್ದಿಷ್ಟವಾಗಿ ಹೇಳುವುದಿಲ್ಲ. ‘ಹದಗೊಳಿಸು’ ತೊಗಲಿಗೂ ಮಣ್ಣಿಗೂ ಒಪ್ಪುವ ಮಾತು, ಆದರೆ ಹದ ತಪ್ಪಿದ್ದನ್ನು ಮತ್ತೆ ಹದಕ್ಕೆ ತರಬಹುದು, ರಾಳದಲ್ಲಿ ಅದು ಸಾಧ್ಯವಿಲ್ಲ. ಇವೆರಡನ್ನೂ ನಾನು ಕೈಬಿಟ್ಟಿದ್ದೇನೆ.

ನನಗೆ ಹೆಚ್ಚು ಉಪಯೋಗವಾದದ್ದು ಅಡುಗೆಮನೆಯ ಮಾತು. ತುಪ್ಪ ಹೆರೆಗಟ್ಟುತ್ತದೆ, ಹಾಲು ಹೆಪ್ಪುಗಟ್ಟುತ್ತದೆ. ಎರಡೂ ದ್ರವ ಗಟ್ಟಿಯಾಗುವ ಕ್ರಿಯೆಗಳೇ ಆದರೂ ಕನ್ನಡ ಅವಕ್ಕೆ ಒಂದೇ ಪದವನ್ನು ಕೊಟ್ಟಿಲ್ಲ. ಹೆರೆಗಟ್ಟಿದ ತುಪ್ಪವನ್ನು ಒಲೆಯ ಹತ್ತಿರ ಇಟ್ಟರೆ ಕರಗಿ ಮತ್ತೆ ಹರಿಯುತ್ತದೆ, ಹೆಪ್ಪುಗಟ್ಟಿದ ಮೊಸರನ್ನು ಎಷ್ಟು ಕಾಯಿಸಿದರೂ ಹಾಲಾಗುವುದಿಲ್ಲ. ಪ್ಲಾಸ್ಟಿಕ್ಕುಗಳಲ್ಲಿರುವ ಎರಡು ದೊಡ್ಡ ಕುಲಗಳ ವ್ಯತ್ಯಾಸವೂ ಇದೇ. ತ್ರೀಡಿ ಪ್ರಿಂಟರಿಗೆ ಹಾಕುವ ತಂತಿಯಂಥ ಪ್ಲಾಸ್ಟಿಕ್ಕು ಬಿಸಿಗೆ ಕರಗಿ ತಣಿದಾಗ ಹೆರೆಗಟ್ಟುತ್ತದೆ. ಎಪಾಕ್ಸಿ ಒಮ್ಮೆ ಗಟ್ಟಿಯಾದ ಮೇಲೆ ಕರಗುವುದಿಲ್ಲ, ಹೆಚ್ಚು ಕಾಯಿಸಿದರೆ ಕರಕಲಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಮೊದಲನೆಯದಕ್ಕೆ ‘ಹೆರೆಗಟ್ಟು’ ಎಂಬ ಕ್ರಿಯಾಪದವನ್ನು ನಿಸ್ಸಂಕೋಚವಾಗಿ ಬಳಸಿದ್ದೇನೆ.

ಎಪಾಕ್ಸಿಗೆ ‘ಹೆಪ್ಪುಗಟ್ಟು’ ಸಾಕೇ ಎಂಬಲ್ಲಿ ತೊಡಕು ಶುರುವಾಗುತ್ತದೆ. ರಾಳ ಹರಿಯುವುದನ್ನು ನಿಲ್ಲಿಸಿ ಲೋಳೆಯಂತೆ ನಿಲ್ಲುವ ಗಳಿಗೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ನಾವು ಬಳಸುವ ರಾಳವನ್ನು 24 ಗಂಟೆಗಳ ನಂತರ ಅಚ್ಚಿನಿಂದ ತೆಗೆಯಬಹುದಾದರೂ ಅದಕ್ಕೆ ಪೂರ್ಣ ಶಕ್ತಿ ಬರಲು 25 ಡಿಗ್ರಿಯಲ್ಲಿ 7 ದಿನ ಬೇಕು. ಜೊತೆಗೆ, ಹೆಪ್ಪು ಎಂದೊಡನೆ ‘ಒಂದು ಚಮಚ ಹೆಚ್ಚು ಕಡಿಮೆಯಾದರೆ ಅಡ್ಡಿಯಿಲ್ಲ’ ಎಂಬ ಭಾವನೆ ಮನಸ್ಸಿನಲ್ಲಿ ಮೂಡುತ್ತದೆ. ಗಾಜಿನ ನಾರಿನ ಕೆಲಸದವರು ಹೆಚ್ಚಾಗಿ ಬಳಸುವ ಪಾಲಿಯೆಸ್ಟರ್ ರಾಳಕ್ಕೆ ಈ ಹೋಲಿಕೆ ನಿಜಕ್ಕೂ ಸರಿ. ಅದಕ್ಕೆ ಕ್ರಿಯೆಯನ್ನು ಶುರುಮಾಡಿಸುವ ಪ್ರಚೋದಕ ನೂರಕ್ಕೆ 1ರಿಂದ 2 ಭಾಗದಷ್ಟು ಸಾಕು, ಚಳಿಯಿದ್ದರೆ ತುಸು ಹೆಚ್ಚು, ಸೆಕೆಯಿದ್ದರೆ ತುಸು ಕಡಿಮೆ ಹಾಕುವ ರೂಢಿಯೂ ಇದೆ. ಎಪಾಕ್ಸಿಯ ಗಡಸುಕಾರಕ ಹಾಗಲ್ಲ. ಅದು ಬಲೆಯದೇ ಒಂದು ಭಾಗವಾಗಿರುವುದರಿಂದ, ಡಬ್ಬಿಯ ಮೇಲೆ ತೂಕದಲ್ಲಿ 100ಕ್ಕೆ 30 ಎಂದಿದ್ದರೆ 30 ಗ್ರಾಮನ್ನೇ ತಕ್ಕಡಿಯಲ್ಲಿ ತೂಗಿ ಹಾಕಬೇಕು, ಹೆಚ್ಚು ಹಾಕಿದ್ದು ಜೋಡಿ ಸಿಗದೆ ಒಳಗೇ ಉಳಿದು ರೆಕ್ಕೆಯನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಹೆಪ್ಪು ಎಂಬ ನಾಮಪದವನ್ನು ಪಾಲಿಯೆಸ್ಟರಿನ ಪ್ರಚೋದಕಕ್ಕೆ ಮೀಸಲಿಟ್ಟಿದ್ದೇನೆ.

ಹೆಪ್ಪುಗಟ್ಟಿದ ನಂತರದ ಆ ದೀರ್ಘವಾದ ಘಟ್ಟಕ್ಕೆ ನಾನು ಪ್ರಸ್ತಾಪಿಸುತ್ತಿರುವ ಪದ ‘ಬಲಿ’, ಅಂದರೆ ‘ರಾಳ ಬಲಿಯುತ್ತದೆ’, ‘ಬಲಿತ ರಾಳ’, ‘ಬಲಿಯದ ರಾಳ’. ಜೋಳದ ತೆನೆಯಲ್ಲಿ ಕಾಳು ಮೊದಲು ಹಾಲುತುಂಬಿಕೊಂಡಿರುತ್ತದೆ. ಸೀತನಿಯ, ಅಂದರೆ ಸುಟ್ಟು ತಿನ್ನುವ ಎಳೆ ತೆನೆಯ, ಹೊತ್ತಿಗೆ ಹಲ್ಲಿಗೆ ಮೆತ್ತಗಿದ್ದರೂ ಹರಿಯುವುದಿಲ್ಲ. ಆಮೇಲೆ ಬಲಿಯುತ್ತದೆ. ನಮ್ಮ ಭಾಗದ ಹುಡುಗರಿಗೆ ಈ ಮೂರು ಹಂತಗಳನ್ನು ವಿವರಿಸುವ ಅಗತ್ಯವೇ ಇಲ್ಲ. ಅರ್ಧ ಕ್ರಿಯೆ ನಡೆದ ರಾಳವನ್ನು ಮೊದಲೇ ಹೀರಿಸಿ, ಸುಮಾರು ಮೈನಸ್ 18 ಡಿಗ್ರಿಯ ಶೀತಪೆಟ್ಟಿಗೆಯಲ್ಲಿ ಇಟ್ಟು ಕಾಪಾಡುವ ಕಾರ್ಬನ್ ಬಟ್ಟೆಯೊಂದು ವಿಮಾನದ ಕೆಲಸದಲ್ಲಿ ಬಳಕೆಯಲ್ಲಿದೆ. ಅದನ್ನು ‘ಅರೆಬಲಿತ ಬಟ್ಟೆ’ ಎಂದು ಕರೆದಾಗ ಹುಡುಗರಿಗೆ ಕೂಡಲೇ ತಿಳಿಯಿತು.

ಕಾಳು ಬಲಿಯುವಾಗ ಅದರ ತೇವವೂ ಕಡಿಮೆಯಾಗುತ್ತದಲ್ಲ, ಹಾಗಾದರೆ ಇದೂ ಒಣಗುವುದೇ ಅಲ್ಲವೇ ಎಂದು ನನ್ನ ಮನೆಯವರೇ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಮಳೆ ಕೈಕೊಟ್ಟು ಬಲಿಯದೆ ಒಣಗಿಹೋದ ಕಾಳನ್ನು ರೈತರು ಜೊಳ್ಳು ಎನ್ನುತ್ತಾರೆ. ಬಲಿಯುವುದು ಬೇರೆ, ಒಣಗುವುದು ಬೇರೆ ಎಂಬ ಭೇದವನ್ನು ನಮ್ಮ ಹೊಲದ ಭಾಷೆ ಸ್ಪಷ್ಟವಾಗಿಯೇ ಕಾಯ್ದುಕೊಂಡು ಬಂದಿದೆ, ಮತ್ತು ಆ ರಬ್ಬರ್ ರೆಕ್ಕೆಗೆ ಜೊಳ್ಳು ಎಂಬ ಪದಕ್ಕಿಂತ ಸರಿಯಾದುದು ನನಗೆ ತೋಚುವುದಿಲ್ಲ.

ಇದೇ ದಾರಿಯಲ್ಲಿ ಇನ್ನೆರಡು ಪದಗಳು ಹೊಳೆದಿವೆ. ಮಳೆಗಾಲದ ತೇವದಲ್ಲಿ ಗಡಸುಕಾರಕದಲ್ಲಿರುವ ಅಮೀನು ಎಂಬ ರಾಸಾಯನಿಕ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ರಾಳದ ಮೇಲೆ ಜಿಡ್ಡಾದ ಪೊರೆ ಕಟ್ಟುತ್ತದೆ. ಇದನ್ನು ನೀರಿನಿಂದ ತೊಳೆಯದೆ ಮುಂದಿನ ಪದರ ಹಾಕಿದರೆ ಪದರ ಬಿಟ್ಟುಕೊಳ್ಳುತ್ತದೆ. ಇದಕ್ಕೆ ‘ಕೆನೆ’ ಎಂದಿದ್ದೇನೆ. ಎರಡನೆಯದು, ಗಟ್ಟಿಯಾದ ರೆಕ್ಕೆಯನ್ನು ಪೆಟ್ಟಿಗೆಯಲ್ಲಿಟ್ಟು 60 ಡಿಗ್ರಿಯ ಶಾಖದಲ್ಲಿ ಕೆಲವು ಗಂಟೆ ಇಡುವ ಕೆಲಸ. ಇದನ್ನು ಮಾಡದಿದ್ದರೆ ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ ಕಪ್ಪು ರೆಕ್ಕೆ ಕಾದು ಮೆತ್ತಗಾಗಿ ಸೊಟ್ಟಗಾಗಬಹುದು. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣು ಮಾಡುವುದಕ್ಕೆ ಹೇಳುವ ‘ಅಡೆ ಹಾಕು’ ಎಂಬುದನ್ನು ಇಲ್ಲಿಗೆ ತರುವ ಆಸೆಯಿದೆ, ಆದರೆ ಅಡೆ ಹಾಕಿದ ಹಣ್ಣು ಮೆತ್ತಗಾಗುತ್ತದೆ, ರೆಕ್ಕೆ ಗಟ್ಟಿಯಾಗುತ್ತದೆ ಎಂಬ ವಿರೋಧ ನನ್ನನ್ನು ತಡೆದಿದೆ.

ಬಟ್ಟೆಯ ಕಡೆ ಪದಗಳಿಗೆ ಬರವಿಲ್ಲ. ನಮ್ಮ ಬೆಳಗಾವಿಯ ಶಹಾಪುರ, ವಡಗಾವಿಗಳ ಮಗ್ಗದ ಮನೆಗಳಲ್ಲಿರುವ ಹಾಸು, ಹೊಕ್ಕು, ಎಳೆ, ಅಂಚು ಎಲ್ಲವೂ ಕಾರ್ಬನ್ ಬಟ್ಟೆಗೆ ಹಾಗೆಯೇ ಹೊಂದುತ್ತವೆ. ಸುಮಾರು 7 ಮೈಕ್ರಾನ್ ದಪ್ಪದ 3000 ನಾರುಗಳ ಕಟ್ಟನ್ನು ಮಾತ್ರ ‘ಹುರಿ’ ಎನ್ನುವಂತಿಲ್ಲ, ಏಕೆಂದರೆ ಅದಕ್ಕೆ ಹುರಿ ಹಾಕಿರುವುದಿಲ್ಲ.

ಈಗ ತಮ್ಮಲ್ಲಿ ನನ್ನ ಕೇಳಿಕೆ ಇಷ್ಟು. ‘ಬಲಿ’ ಧಾತುವಿನಿಂದ ನಾಮಪದ ಬೇಕಾದಾಗ ‘ಬಲಿಯುವಿಕೆ’ ಎನ್ನುವುದೇ, ‘ಬಲಿಕೆ’ ಎನ್ನುವುದೇ? ಬಲಿ ಎಂದು ಮಾತ್ರ ಬರೆದರೆ ಕುರಿಕೋಣದ ಬಲಿಯ ನೆನಪಾಗುತ್ತದೆ. ಶಾಖ ಕೊಟ್ಟು ಮಾಡಿಸುವ ಕ್ರಿಯೆಗೆ ‘ಬಲಿಸು’ ಎಂಬ ಪ್ರೇರಣಾರ್ಥಕ ರೂಪ ತಮ್ಮ ಕಡೆಯ ಆಡುಮಾತಿನಲ್ಲಿ ಇದೆಯೇ? ದಕ್ಷಿಣದ ಜಿಲ್ಲೆಗಳವರೂ ಕರಾವಳಿಯವರೂ ಹಲಸು, ಬಾಳೆ, ತೆಂಗುಗಳಿಗೆ ಈ ಪದವನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ತಿಳಿಸಿದರೆ, ಕೈಪಿಡಿಯ ಎರಡನೆಯ ಕರಡಿನಲ್ಲಿ ‘ಒಣಗು’ ಇರುವ 14 ಕಡೆಗಳನ್ನೂ ತಿದ್ದುತ್ತೇನೆ.